ಹಿತ್ತಿಲ ಗೋಡೆಗೆ ಹಸುರು ಮರೆ

ಹಿಂದೆ ಹಳ್ಳಿಯ ಮನೆಗಳಲ್ಲಿ ಹಿತ್ತಿಲ ಬೇಲಿಯೆಂದರೆ ಬಹುಮಟ್ಟಿಗೆ ಗಿಡಗಳ ಸಾಲೇ ಆಗಿತ್ತು. ಕಳ್ಳಿ, ಕತ್ತಾಳೆ, ಲಕ್ಕಿ, ಆಡುಸೋಗೆಗಳು ದನಕರುಗಳನ್ನು ತಡೆಯುತ್ತಿದ್ದವು; ಮನುಷ್ಯರ ಮಾತನ್ನು ತಡೆಯುತ್ತಿರಲಿಲ್ಲ. ಬೇಲಿಯ ಮೇಲಿಂದಲೇ ಸಾರಿನ ಬಟ್ಟಲೂ ಮಜ್ಜಿಗೆಯ ಚೊಂಬೂ ಅತ್ತಿತ್ತ ದಾಟುತ್ತಿದ್ದವು. ಪಟ್ಟಣಗಳು ಬೆಳೆದು ಮನೆಗೆ ಮನೆ ಒತ್ತಿಕೊಂಡ ಮೇಲೆ ಬೇಲಿಯ ರೂಪವೇ ಬದಲಾಯಿತು. ಈಗ ಹಿತ್ತಿಲಿನ ಮೂರು ಕಡೆಗೂ ಆಳೆತ್ತರವನ್ನು ಮೀರಿದ ಇಟ್ಟಿಗೆಯ ಗೋಡೆಯೋ ತಗಡಿನ ತಡಿಕೆಯೋ ಎದ್ದು ನಿಲ್ಲುತ್ತದೆ. ಇದರಿಂದ ಕಳ್ಳರ ಭಯ ಕಡಿಮೆಯಾಯಿತೆಂಬುದು ನಿಜ. ಆದರೆ ಅಡುಗೆಮನೆಯ ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುವುದು ಬೂದುಬಣ್ಣದ ಬೋಳು ಗೋಡೆ. ಬೇಸಗೆಯಲ್ಲಿ ಹಗಲೆಲ್ಲ ಕಾದು, ರಾತ್ರಿಯೂ ಅದು ಕಾವನ್ನು ಸೂಸುತ್ತಿರುತ್ತದೆ. ಇಂತಹ ಗೋಡೆಯನ್ನು ಗಿಡಗಳಿಂದ ಮರೆಮಾಡಬೇಕೆಂಬ ಆಸೆ ಸಹಜವಾದುದೇ. ಆಸೆ ಹುಟ್ಟಿದೊಡನೆ ನರ್ಸರಿಗೆ ಹೋಗುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: “ಬೇಗ ಬೆಳೆಯುವ ಗಿಡ ಯಾವುದು?” ಅನೇಕ ತೊಂದರೆಗಳು ಪ್ರಾರಂಭವಾಗುವುದು ಈ ಪ್ರಶ್ನೆಯಿಂದಲೇ.

ಬೇಗ ಬೆಳೆಯುವ ಗಿಡವು ಗೋಡೆಯ ಎತ್ತರಕ್ಕೆ ಬಂದೊಡನೆ ತಾನಾಗಿ ನಿಲ್ಲುವುದಿಲ್ಲ. ಅದರ ಬೇರೂ ಗೋಡೆಯ ಈಚೆಗೇ ಇರಬೇಕೆಂಬ ಕಟ್ಟಳೆಯನ್ನು ಒಪ್ಪುವುದಿಲ್ಲ. ಕೊನೊಕಾರ್ಪಸ್ ಎಂಬ ಗಿಡದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ವರ್ಷವಿಡೀ ಹಸುರಾಗಿದ್ದು, ಕೆಲವೇ ವರ್ಷಗಳಲ್ಲಿ ದಟ್ಟವಾದ ಗೋಡೆಯಂತೆ ಬೆಳೆಯುವುದೆಂದು ಅದನ್ನು ದೇಶದ ಹಲವೆಡೆ ರಸ್ತೆಯ ಬದಿಯಲ್ಲಿಯೂ ಆವರಣಗಳ ಅಂಚಿನಲ್ಲಿಯೂ ನೆಟ್ಟರು. ಅದರ ಬೇರುಗಳು ನೆಲದೊಳಗಿನ ಕೊಳವೆ, ತಂತಿ, ಚರಂಡಿಗಳನ್ನು ಕೆಡಿಸುತ್ತವೆಂದೂ ಅದರ ಪರಾಗದಿಂದ ನೆಗಡಿ, ಕೆಮ್ಮು, ಉಬ್ಬಸಗಳುಂಟಾಗುತ್ತವೆಂದೂ ಅನಂತರ ದೂರುಗಳು ಎದ್ದವು. ಗುಜರಾತ್ ಸರ್ಕಾರವು 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಅದಕ್ಕಿಂತಲೂ ಹಳೆಯದು ಲಂಟಾನದ ಕಥೆ. ಬಣ್ಣಬಣ್ಣದ ಹೂಗೊಂಚಲುಗಳ ಈ ಅಮೆರಿಕ ಮೂಲದ ಪೊದೆಯನ್ನು ಹತ್ತೊಂಬತ್ತನೆಯ ಶತಮಾನದ ಪ್ರಾರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು, ಬೇಲಿಗೂ ಬಳಸಿದರು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ದೂರ ದೂರಕ್ಕೆ ಒಯ್ದವು. ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಲಂಟಾನವು ಹುಲ್ಲಿನ ನೆಲವನ್ನೂ ಎಳೆಯ ಸಸಿಗಳ ಜಾಗವನ್ನೂ ಆಕ್ರಮಿಸಿ ಕುಳಿತಿದೆ. ಜಿಂಕೆ, ಕಾಟಿಗಳಿಗೆ ಮೇವು ಕಡಿಮೆಯಾಗಲು ಅದೂ ಒಂದು ಕಾರಣ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಾಂಡದಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಿ ಜೀವನೋಪಾಯಕ್ಕೆ ದಾರಿ ಕಂಡುಕೊಂಡಿದ್ದಾರೆ. ಇದು ಅವರ ಜಾಣ್ಮೆ. ಗಿಡವನ್ನು ತಂದವರ ಜಾಣ್ಮೆಯಲ್ಲ.

ಹಾಗಾದರೆ ಆಯ್ಕೆ ಎಲ್ಲಿಂದ ಪ್ರಾರಂಭವಾಗಬೇಕು? ಗಿಡದಿಂದಲ್ಲ, ಗೋಡೆಯಿಂದ. ಕರ್ನಾಟಕದ ದಕ್ಷಿಣ ಭಾಗದಲ್ಲಿ ವರ್ಷದ ಸುಮಾರು ಎಂಟು ತಿಂಗಳು ನಡುಹಗಲಿನ ಸೂರ್ಯನು ತೆಂಕಣಕ್ಕೆ ವಾಲಿರುತ್ತಾನೆ. ಆದುದರಿಂದ ಹಿತ್ತಿಲಿನ ತೆಂಕಣ ದಿಕ್ಕಿನ ಗೋಡೆಯ ನೆರಳು ಹಿತ್ತಿಲಿನೊಳಗೇ ಬೀಳುತ್ತದೆ. ಬಡಗಣ ಗೋಡೆಯ ಮುಂದಾದರೋ ಬಿಸಿಲು ಧಾರಾಳ. ಒಂದೇ ಹಿತ್ತಿಲಿನ ಎರಡು ಗೋಡೆಗಳಿಗೆ ಒಂದೇ ಗಿಡ ಒಗ್ಗಬೇಕೆಂಬ ನಿಯಮವಿಲ್ಲ. ಇನ್ನು ಗೋಡೆಯ ಬುಡದ ಮಣ್ಣಂತೂ ಹೆಸರಿಗೆ ಮಾತ್ರ ಮಣ್ಣು. ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆಯ ಚೂರು, ಸುಣ್ಣ, ಸಿಮೆಂಟಿನ ಗಾರೆ ಅಲ್ಲಿ ಹೂತಿರುತ್ತವೆ. ಗಾರೆಯ ಸುಣ್ಣದಿಂದ ಮಣ್ಣಿನ ಗುಣವೇ ಬದಲಾಗಿ ಎಲೆಗಳು ಹಳದಿ ತಿರುಗುತ್ತವೆ. ಎತ್ತರದ ಗೋಡೆ ಗಾಳಿಮಳೆಯನ್ನು ತಡೆಯುವುದರಿಂದ ಊರೆಲ್ಲ ನೆನೆದ ದಿನವೂ ಅದರ ಬುಡ ಒಣಗಿಯೇ ಇರುವುದುಂಟು. ಗೋಡೆಯಿಂದ ಎರಡು ಮೂರು ಅಡಿ ಬಿಟ್ಟು, ಉದ್ದಕ್ಕೂ ಒಂದೂವರೆ ಅಡಿ ಆಳ ಅಗೆದು, ಕಸವನ್ನು ತೆಗೆದುಹಾಕಿ, ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ತುಂಬುವುದೇ ಇದಕ್ಕೆ ಪರಿಹಾರ. ಮಳೆಯ ಲೆಕ್ಕವೂ ಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಳ್ಳಕೆರೆಯ ಕಡೆ ಅದರ ಆರರಲ್ಲೊಂದು ಪಾಲೂ ಬೀಳುವುದಿಲ್ಲ. ಅಲ್ಲಿಯ ಗಿಡವನ್ನು ಇಲ್ಲಿ ನೆಟ್ಟು ಕೊಳವೆಬಾವಿಯ ನೀರಿನಿಂದ ಸಾಕುವುದು ವಿವೇಕವೆನಿಸದು.

ಹಳೆಯ ಬೇಲಿಗಳ ಗಿಡಗಳಲ್ಲಿಯೇ ಹಲವು ಇಂದಿನ ಗೋಡೆಗೂ ಹೊಂದುತ್ತವೆ. ಆಡುಸೋಗೆಯು ಆಳೆತ್ತರಕ್ಕೆ ಬೆಳೆದು ಸದಾ ಹಸುರಾಗಿರುವ ಪೊದೆ. ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತದೆ, ಅರೆನೆರಳನ್ನೂ ಸಹಿಸುತ್ತದೆ, ಆಡುಗಳು ಅದನ್ನು ಮೇಯುವುದಿಲ್ಲ, ಅದರ ಎಲೆ ಕೆಮ್ಮಿಗೆ ಔಷಧವೆಂದು ಪ್ರಸಿದ್ಧ. ಇಷ್ಟು ಗುಣಗಳಿದ್ದೂ ನರ್ಸರಿಗಳಲ್ಲಿ ಅದನ್ನು ಕೇಳುವವರು ವಿರಳವೆಂಬುದು ಸೋಜಿಗ. ಒಣನೆಲದ ಬಿಸಿಲಿಗೆ ಲಕ್ಕಿ ಒಳ್ಳೆಯದು. ಕವಳಿ ಇನ್ನೂ ಒಳ್ಳೆಯದು. ಕರಾವಳಿಯವರು ಕರಂಡೆ ಎನ್ನುವ ಈ ಗಿಡಕ್ಕೆ ಗಟ್ಟಿಮುಳ್ಳು, ಹೊಳೆಯುವ ಎಲೆ, ಮಲ್ಲಿಗೆಯಂತಹ ಬಿಳಿಯ ಹೂವು, ಉಪ್ಪಿನಕಾಯಿಗೆ ಒದಗುವ ಹುಳಿಗಾಯಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತೆರಿಗೆ ತೆರದ ಉಪ್ಪು ಒಳಬಾರದಂತೆ ತಡೆಯಲು ಉತ್ತರ ಭಾರತದಲ್ಲಿ ನೂರಾರು ಮೈಲಿ ಉದ್ದದ ಮುಳ್ಳುಬೇಲಿಯನ್ನು ಬೆಳೆಸಿದ್ದರು. ಬೋರೆ, ಜಾಲಿ, ಕಳ್ಳಿಗಳೊಡನೆ ಕವಳಿಯೂ ಅದರಲ್ಲಿತ್ತು. 1879ರಲ್ಲಿ ಆ ಸುಂಕದ ಗಡಿ ರದ್ದಾಯಿತು. ಬೇಲಿ ಕಾಲಕ್ರಮದಲ್ಲಿ ಅಳಿದುಹೋಯಿತು. ಕವಳಿಯ ದೋಷವೊಂದೇ: ಮೊದಲ ವರ್ಷಗಳಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ಹೂವನ್ನು ಬಯಸುವವರಿಗೆ ದಾಸವಾಳವಿದೆ. ಹಿಟ್ಟುತಿಗಣೆಯ ಕಾಟವನ್ನು ಗಮನಿಸುತ್ತಿದ್ದರೆ ಅದು ಗೋಡೆಯ ಮುಂದೆ ಸೊಗಸಾಗಿ ತುಂಬಿಕೊಳ್ಳುತ್ತದೆ.

ಗ್ಲಿರಿಸಿಡಿಯ ಹೊಲದ ಬದುವಿಗೆ ಉಪಕಾರಿ. ಅದರ ಸೊಪ್ಪು ಉತ್ತಮ ಹಸುರುಗೊಬ್ಬರ. ಆದರೆ ಬೇಸಗೆ ಸಮೀಪಿಸುವಾಗ ಎಲೆಯನ್ನೆಲ್ಲ ಉದುರಿಸಿ ಹೂಬಿಡುವ ಈ ಗಿಡ, ಮರೆ ಬೇಕಾದ ಕಾಲದಲ್ಲಿಯೇ ಗೋಡೆಯನ್ನು ತೋರಿಸುತ್ತದೆ. ಕಂಬದಂತೆ ನೆಟ್ಟಗೆ ಬೆಳೆದು ಕೊಂಬೆಗಳನ್ನು ಕೆಳಗಿಳಿಬಿಡುವ ಮರವನ್ನು ಜನ ಅಶೋಕವೆಂದು ಕರೆಯುತ್ತಾರೆ. ಸೀತೆಗೆ ನೆರಳು ನೀಡಿದ, ಕೆಂಪು ಹೂವಿನ ಅಶೋಕ ಅದಲ್ಲ. ಇಕ್ಕಟ್ಟಾದ ಜಾಗಕ್ಕೆ ಅದು ಒದಗೀತು. ಕೆಳಗಿನ ಕೊಂಬೆಗಳನ್ನು ಕಡಿದರೆ ಮಾತ್ರ ಉಳಿಯುವುದು ಬರಿಯ ಕಾಂಡ. ಗೋಡೆಯ ಬಿರುಕಿನಲ್ಲಿ ತಾನಾಗಿ ಮೊಳೆತ ಅರಳಿ, ಅತ್ತಿಗಳ ಸಸಿಯನ್ನು ಕನಿಕರದಿಂದ ಬಿಟ್ಟವರು ಕೊನೆಗೆ ಗೋಡೆಯನ್ನೇ ಬಿಡಬೇಕಾಗುತ್ತದೆ.

ಮಕ್ಕಳಿರುವ ಮನೆಯವರು ತಿಳಿಯಲೇಬೇಕಾದ ಇನ್ನೊಂದು ವಿಷಯವಿದೆ. ಕಣಗಿಲೆ ಬರವನ್ನೂ ಧೂಳನ್ನೂ ಸಹಿಸಿಕೊಂಡು ವರ್ಷವಿಡೀ ಹೂಬಿಡುತ್ತದೆ. ಹೆದ್ದಾರಿಗಳ ನಡುವಿನ ಸಾಲಿನಲ್ಲಿ ಅದನ್ನು ಕಾಣಬಹುದು. ಆದರೆ ಅದರ ಎಲೆ, ಕಾಂಡ, ಹೂವು ಎಲ್ಲವೂ ವಿಷ. ಒಣಕಡ್ಡಿಗಳನ್ನು ಒಲೆಗೆ ಹಾಕಿದರೆ ಹೊಗೆಯೂ ಕೆಡುಕು. ಹಳದಿ ಕಣಗಿಲೆಯ ಬೀಜ ತಿಂದವರಿಗೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯವುಂಟಾಗುತ್ತದೆ. ನೀಲಿ ಹೂವಿನ ಡುರಾಂಟ ಎಂಬ ಬೇಲಿಗಿಡದ ಕಿತ್ತಳೆಬಣ್ಣದ ಹಣ್ಣುಗಳೂ ಅಂತಹವೇ. ಆ ಹೆಸರು ಬಂದುದು ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಕಾಸ್ಟೋರೆ ಡುರಾಂಟೆಯಿಂದ. ಕನ್ನಡದ ‘ದುರಂತ’ಕ್ಕೂ ಅದಕ್ಕೂ ನಂಟಿಲ್ಲ. ಆದರೂ ಎಳೆಯ ಮಕ್ಕಳು ಹಣ್ಣನ್ನು ಬಾಯಿಗಿಟ್ಟರೆ ಹೆಸರು ಸಾರ್ಥಕವಾದೀತು.

ಆರಿಸಿದ ಗಿಡವನ್ನು ಮುಂಗಾರಿನ ಪ್ರಾರಂಭದಲ್ಲಿ ನೆಡಬೇಕು. ಸಸಿ ಒಂದೆರಡು ಅಡಿ ಬೆಳೆದೊಡನೆ ಅದರ ತುದಿಯನ್ನು ಕತ್ತರಿಸಬೇಕೆಂದರೆ ಅನೇಕರಿಗೆ ಮನಸ್ಸು ಬರುವುದಿಲ್ಲ. ಎತ್ತರ ಬೇಕೆಂದು ನೆಟ್ಟು, ಕುಡಿಯನ್ನೇ ಚಿವುಟುವುದೆಂತು? ತುದಿಯ ಕುಡಿ ಇರುವವರೆಗೆ ಪಕ್ಕದ ಮೊಗ್ಗುಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ. ಅದನ್ನು ತೆಗೆದಾಗ ಪಕ್ಕದ ಮೊಗ್ಗುಗಳು ಕವಲೊಡೆದು ಗಿಡವು ಬುಡದಿಂದಲೇ ತುಂಬಿಕೊಳ್ಳುತ್ತದೆ. ಮುಂದೆ ಸವರುವಾಗಲೂ ಸಾಲು ಬುಡದಲ್ಲಿ ಅಗಲವಾಗಿ, ಮೇಲಕ್ಕೆ ಹೋದಂತೆ ಕಿರಿದಾಗಿರಬೇಕು. ಮೇಲ್ಭಾಗ ಹರಡಿಕೊಂಡರೆ ಕೆಳಗಿನ ಎಲೆಗಳು ಬಿಸಿಲಿಲ್ಲದೆ ಉದುರುತ್ತವೆ.

ಗಿಡಗಳು ಗೋಡೆಯ ಎತ್ತರಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕಾದೀತು. ಅಷ್ಟು ಕಾಲ ಬೋಳುಗೋಡೆಯನ್ನೇ ನೋಡುತ್ತಿರಬೇಕಾಗಿಲ್ಲ. ಗೋಡೆಗೆ ತಾಗದಂತೆ ಎರಡು ಗೂಟ ನೆಟ್ಟು, ತಂತಿ ಬಿಗಿದು, ಹೀರೆ, ತೊಂಡೆ, ಚಪ್ಪರದವರೆ, ಬಸಳೆಗಳಲ್ಲಿ ಆ ಊರಿನ ಮಳೆಗೆ ಒಗ್ಗುವುದನ್ನು ಹಬ್ಬಿಸಬಹುದು. ಎರಡು ಮೂರು ತಿಂಗಳಲ್ಲಿಯೇ ಮರೆಯಾಗುತ್ತದೆ, ಸಾರಿಗೂ ಪಲ್ಯಕ್ಕೂ ಒದಗುತ್ತದೆ. ಬಳ್ಳಿಯು ಎಳೆಯ ಕವಳಿಯನ್ನೋ ಆಡುಸೋಗೆಯನ್ನೋ ಸುತ್ತಿ ಬಿಸಿಲನ್ನು ಮರೆಮಾಡದಂತೆ ಆಗಾಗ ಬಿಡಿಸುತ್ತಿರಬೇಕು. ಪೊದೆಗಳು ಒಂದಕ್ಕೊಂದು ಕೂಡಿಕೊಂಡ ವರ್ಷ ಗೂಟಗಳನ್ನು ಕೀಳಬಹುದು.