ನೀರಿನೊಳಗೆ ಉಸಿರಿನ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ಪಡುವಣಕ್ಕೆ ಸಾಗಿದರೆ ನೇತ್ರಾಣಿ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಅದರ ಸುತ್ತಣ ಹವಳಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡುವುದಕ್ಕಾಗಿ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿಗಿಳಿಯುವವರು ಈಗ ಅನೇಕರಿದ್ದಾರೆ. ಫ್ರಾನ್ಸಿನಲ್ಲಿ 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬುವರು ರೂಪಿಸಿದ ಉಸಿರಾಟದ ಉಪಕರಣವೇ ಇಂದಿನ ಸ್ಕೂಬಾ ವಿದ್ಯೆಗೆ ತಳಹದಿ. ಈಗಿನ ಮುಳುಗುಗಾರನ ಮಣಿಕಟ್ಟಿನಲ್ಲಿ ಗಡಿಯಾರದಂಥ ಒಂದು ಕಂಪ್ಯೂಟರ್ ಇರುತ್ತದೆ. ಆತನು ಎಷ್ಟು ಆಳದಲ್ಲಿದ್ದಾನೆ, ಎಷ್ಟು ಹೊತ್ತು ಕಳೆದಿದ್ದಾನೆ ಎಂಬುದನ್ನು ಅದು ತಿಳಿಸುತ್ತದೆ. ಸಿಲಿಂಡರಿನಲ್ಲಿ ಇನ್ನೆಷ್ಟು ಒತ್ತಡ ಉಳಿದಿದೆಯೆಂಬುದನ್ನೂ ಕೆಲವು ಕಂಪ್ಯೂಟರುಗಳು ಅಂಕೆಗಳಲ್ಲಿ ತೋರಿಸುತ್ತವೆ. ನೀರಿನಡಿಯಲ್ಲಿರುವವನಿಗೆ ಆ ಅಂಕೆಯೇ ಉಸಿರಿನ ಜಮಾಖರ್ಚು. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದು ತಪ್ಪಿದರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ನಾವಿಲ್ಲಿ ಪರಿಶೀಲಿಸೋಣ.

ಒತ್ತಡವೆಂದರೆ ಒಂದು ಏಕಮಾನ ಕ್ಷೇತ್ರದ ಮೇಲೆ ಬೀಳುವ ಬಲ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ ಹೆಚ್ಚು ಕಡಿಮೆ 1 ಬಾರ್. ತುಂಬಿದ ಸಿಲಿಂಡರಿನಲ್ಲಿ ಅದು ಸುಮಾರು 200 ಬಾರ್ ಇರುತ್ತದೆ. ಇದನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವುದು ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಹಕ್ಕುಪತ್ರ ಪಡೆದ ಬಾಗಿದ ಕೊಳವೆ. ಒಳಗಿನ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಯತ್ನಿಸುತ್ತದೆ. ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ಕಂಪ್ಯೂಟರಿನ ವಿಧಾನ ಬೇರೆ. ಸಿಲಿಕಾನ್ ಹರಳನ್ನು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಅದರ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದರು. ಈ ಗುಣವುಳ್ಳ ಪುಟ್ಟ ರೋಧಕಗಳನ್ನು ಒಂದು ತೆಳುಪೊರೆಯ ಮೇಲೆ ಕೂರಿಸಿ, ಕಾಲೇಜಿನಲ್ಲಿ ನಾವು ಕಲಿಯುವ ವ್ಹೀಟ್‌ಸ್ಟನ್ ಸೇತುವೆಯಂತೆ ಜೋಡಿಸುತ್ತಾರೆ. ಗಾಳಿ ಪೊರೆಯನ್ನು ಒತ್ತಿದಾಗ ಸೇತುವೆಯ ಸಮತೋಲ ಕೆಡುತ್ತದೆ. ಆಗ ಹುಟ್ಟುವ ಅಲ್ಪ ವೋಲ್ಟೇಜನ್ನು ಉಪಕರಣ ಅಂಕೆಯಾಗಿ ಮಾರ್ಪಡಿಸುತ್ತದೆ.

ಇಂಥ ಮಾಪಕದಲ್ಲಿ ಮುಖ್ಯವಾಗಿ ಮೂರು ಬಗೆಯ ದೋಷಗಳು ನುಸುಳಬಹುದು. ಮೊದಲನೆಯದು ಶೂನ್ಯ ದೋಷ. ಸ್ಕ್ರೂ ಗೇಜನ್ನು ಬಳಸಿದ ವಿದ್ಯಾರ್ಥಿಗಳಿಗೆಲ್ಲ ಇದು ಪರಿಚಿತ. ಅಳೆಯುವುದಕ್ಕೆ ಏನೂ ಇಲ್ಲದಾಗಲೂ ಮಾಪಕ ಸೊನ್ನೆಯನ್ನು ತೋರಿಸದಿರುವುದೇ ಈ ದೋಷ. ಅದು ಎಲ್ಲ ಅಳತೆಗಳಿಗೂ ಒಂದೇ ಪ್ರಮಾಣದಲ್ಲಿ ಸೇರಿಕೊಳ್ಳುತ್ತದೆ. ಎರಡನೆಯದು ಅಳತೆಪಟ್ಟಿಯ ದೋಷ. ಒತ್ತಡ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಮೂರನೆಯದು ಉಷ್ಣತೆಯಿಂದಾಗುವ ದೋಷ. ಸಿಲಿಕಾನಿನ ರೋಧವು ಒತ್ತಡದಿಂದ ಮಾತ್ರವಲ್ಲದೆ ಶಾಖದಿಂದಲೂ ಬದಲಾಗುವುದರಿಂದ, ಅದನ್ನು ಸರಿದೂಗಿಸುವ ಏರ್ಪಾಡು ಉಪಕರಣದೊಳಗೇ ಇರಬೇಕಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾಪಕದ ದೋಷವನ್ನು ಸಾಮಾನ್ಯವಾಗಿ ಅದರ ಪೂರ್ಣ ಅಳತೆಯ ಶೇಕಡಾಂಶವಾಗಿ ಹೇಳುವುದು ವಾಡಿಕೆ. 300 ಬಾರ್‌ವರೆಗೆ ಅಳೆಯುವ ಮಾಪಕವೊಂದರ ದೋಷ ನೂರಕ್ಕೆ 1 ಎಂದಿಟ್ಟುಕೊಳ್ಳೋಣ. ಎಂದರೆ ಅದು ಎಲ್ಲಿ ಬೇಕಾದರೂ 3 ಬಾರ್‌ನಷ್ಟು ತಪ್ಪಬಹುದು. 200 ಬಾರ್ ಇರುವಾಗ ಈ ತಪ್ಪು ನೂರಕ್ಕೆ ಒಂದೂವರೆ ಮಾತ್ರ. 50 ಬಾರ್ ಇರುವಾಗ ನೂರಕ್ಕೆ 6. 30 ಬಾರ್‌ಗೆ ಇಳಿದಾಗ ನೂರಕ್ಕೆ 10. ಗಾಳಿ ಕಡಿಮೆಯಾದಷ್ಟೂ ಅಂಕೆಯ ಮೇಲಿನ ಭರವಸೆ ಕಡಿಮೆಯಾಗುತ್ತದೆ. ಭರವಸೆ ಬೇಕಾಗಿರುವುದಾದರೋ ಆಗಲೇ! ಪರದೆಯ ಮೇಲೆ 47 ಎಂದು ಸ್ಪಷ್ಟವಾಗಿ ಮೂಡಿದ ಮಾತ್ರಕ್ಕೆ ಒತ್ತಡ 47 ಬಾರೇ ಇದೆಯೆಂದು ತಿಳಿಯಲಾಗದು. ಅಂಕೆ ಸೂಕ್ಷ್ಮವಾಗಿರುವುದು ಬೇರೆ, ಸತ್ಯವಾಗಿರುವುದು ಬೇರೆ.

ಮಾಪಕ ನಿಜವನ್ನೇ ನುಡಿದರೂ ನಾವು ತಪ್ಪು ತಿಳಿಯುವ ಸಂದರ್ಭಗಳೂ ಉಂಟು. ದೋಣಿಯಲ್ಲಿ ಬಿಸಿಲಿಗೆ ಕಾದು 45 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದೆಯೆನ್ನೋಣ. ಅದನ್ನು 28 ಡಿಗ್ರಿಯ ಕಡಲಿಗಿಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಒಳಗಿನ ಗಾಳಿಯೂ ತಣ್ಣಗಾಗುತ್ತದೆ. ಗಾತ್ರ ಬದಲಾಗದಿದ್ದಾಗ ಅನಿಲದ ಒತ್ತಡವು ಅದರ ನಿರಪೇಕ್ಷ ಉಷ್ಣತೆಗೆ ಸಮಾನುಪಾತದಲ್ಲಿರುವುದಷ್ಟೆ? ನಿರಪೇಕ್ಷ ಉಷ್ಣತೆ 318ರಿಂದ 301 ಡಿಗ್ರಿಗೆ ಇಳಿದುದರಿಂದ ಒತ್ತಡವು ಸುಮಾರು 190 ಬಾರ್‌ಗೆ ಇಳಿಯುತ್ತದೆ. ಒಂದು ಉಸಿರನ್ನೂ ಎಳೆಯದೆ 10 ಬಾರ್ ಮಾಯವಾಯಿತು! ಗಾಳಿ ಎಲ್ಲಿಯೂ ಸೋರಿಲ್ಲ, ಮಾಪಕವೂ ಕೆಟ್ಟಿಲ್ಲ. ಮಾಪಕ ಅಳೆಯುವುದು ಒತ್ತಡವನ್ನು. ನಾವು ತಿಳಿಯಬಯಸುವುದು ಗಾಳಿಯ ಮೊತ್ತವನ್ನು. ಇವೆರಡೂ ಒಂದೇ ಅಲ್ಲ. ಒತ್ತಡ ಇಳಿಯುವ ವೇಗವನ್ನು ನೋಡಿ, ಇನ್ನೆಷ್ಟು ನಿಮಿಷಕ್ಕೆ ಗಾಳಿ ಸಾಕೆಂದು ಕೆಲವು ಕಂಪ್ಯೂಟರುಗಳು ಲೆಕ್ಕ ಹಾಕುತ್ತವೆ. ತಣ್ಣಗಾದುದರಿಂದ ಆದ ಇಳಿತವನ್ನೂ ಉಸಿರಾಟದ ಖರ್ಚೆಂದು ಎಣಿಸಿದರೆ ಆ ಲೆಕ್ಕವೂ ಮೊದಮೊದಲು ತಪ್ಪಬಹುದು.

ಇನ್ನು ಕೆಲವು ಬಾರ್‌ಗಳ ತಪ್ಪಿನಿಂದ ಏನಾದೀತೆಂಬುದನ್ನು ಲೆಕ್ಕದಿಂದಲೇ ಕಾಣೋಣ. ಮುಳುಗುಗಾರನ ಬಳಿ 12 ಲೀಟರ್ ಗಾತ್ರದ ಸಿಲಿಂಡರಿದೆ. ಆದ್ದರಿಂದ ಪ್ರತಿ ಬಾರ್‌ಗೂ ಸುಮಾರು 12 ಲೀಟರ್ ಗಾಳಿ ಸಿಗುತ್ತದೆ. ನೆಲದ ಮೇಲೆ ಆತನಿಗೆ ನಿಮಿಷಕ್ಕೆ 20 ಲೀಟರ್ ಬೇಕೆಂದುಕೊಳ್ಳೋಣ. ಪ್ರತಿ 10 ಮೀಟರ್ ಆಳಕ್ಕೂ ಸುಮಾರು 1 ಬಾರ್ ಹೆಚ್ಚುವುದರಿಂದ, 20 ಮೀಟರ್ ಆಳದಲ್ಲಿ ಒಟ್ಟು ಒತ್ತಡ 3 ಬಾರ್; ಅಲ್ಲಿ ಆತನಿಗೆ ನಿಮಿಷಕ್ಕೆ 60 ಲೀಟರ್ ಬೇಕು. ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಸುಮಾರು 90 ಲೀಟರ್, ನಡುವೆ 5 ಮೀಟರ್ ಆಳದಲ್ಲಿ 3 ನಿಮಿಷ ತಂಗಲು ಇನ್ನೊಂದು 90 ಲೀಟರ್, ಒಟ್ಟು 180 ಲೀಟರ್ ಖರ್ಚಾಗುತ್ತದೆ. ಇದು 15 ಬಾರ್‌ಗೆ ಸಮ. ಜೊತೆಗಾರನ ಗಾಳಿ ಮುಗಿದು ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕಾಗಿ ಬಂದರೆ 30 ಬಾರ್ ಬೇಕು. ಇದಲ್ಲದೆ, ಒತ್ತಡ ಸುಮಾರು 10 ಬಾರ್‌ಗೆ ಇಳಿದಾಗ ಉಸಿರೆಳೆಯುವುದೇ ಕಷ್ಟವಾಗತೊಡಗುತ್ತದೆ. ಹೀಗೆ ಕನಿಷ್ಠ ಅವಶ್ಯಕತೆ 40 ಬಾರ್ ಆಯಿತು. ಮಾಪಕವು 10 ಬಾರ್ ಹೆಚ್ಚಾಗಿ ತೋರಿಸುತ್ತಿದ್ದರೆ, ಪರದೆಯ ಮೇಲೆ 50 ಎಂದಿದ್ದಾಗ ನಿಜವಾಗಿ ಇರುವುದು 40 ಮಾತ್ರ. ಉಳಿತಾಯವೆಂಬುದು ಒಂದು ಉಸಿರಿನಷ್ಟೂ ಇಲ್ಲ! ಹೆದರಿದವನು ಎರಡರಷ್ಟು ವೇಗವಾಗಿ ಉಸಿರಾಡಬಹುದೆಂಬುದನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಮತ್ತೊಂದು ವಿಷಯ. ಕೆಲವು ಉಪಕರಣಗಳಲ್ಲಿ ಸಿಲಿಂಡರಿನ ಬಳಿಯಿರುವ ಪ್ರೇಷಕ ತಂತಿಯ ನೆರವಿಲ್ಲದೆ ಮಣಿಕಟ್ಟಿಗೆ ಸುದ್ದಿ ಕಳುಹಿಸುತ್ತದೆ. ಉನ್ನತ ಕಂಪನಾಂಕದ ರೇಡಿಯೋ ಅಲೆಗಳನ್ನು ಉಪ್ಪುನೀರು ಬೇಗ ಹೀರಿಬಿಡುವುದರಿಂದ ಇಲ್ಲಿ ಕೆಳ ಕಂಪನಾಂಕವನ್ನು ಬಳಸುತ್ತಾರೆ. ಸುದ್ದಿ ಎಡೆಬಿಡದೆ ಬರುವುದಿಲ್ಲ. ಕೆಲವು ಸೆಕೆಂಡುಗಳಿಗೊಮ್ಮೆ ಬರುತ್ತದೆ. ಸಿಲಿಂಡರಿನ ಕವಾಟವನ್ನು ಪೂರ್ತಿ ತೆರೆದಿಲ್ಲದಿದ್ದರೆ, ಪ್ರತಿ ಉಸಿರಿಗೂ ಒತ್ತಡ ಒಮ್ಮೆ ಕುಸಿದು ಮತ್ತೆ ಏರುತ್ತದೆ. ಮುಳ್ಳಿನ ಮಾಪಕವು ಅಲುಗಾಡಿ ಇದನ್ನು ಕೂಡಲೇ ತಿಳಿಸುತ್ತದೆ. ಎರಡು ಉಸಿರುಗಳ ನಡುವಣ ಕ್ಷಣಗಳನ್ನೇ ಅಳೆದ ಕಂಪ್ಯೂಟರ್ ಎಲ್ಲವೂ ಸರಿಯಿದೆಯೆಂದು ತೋರಿಸಿಬಿಡಬಹುದು. ಹಾಗೆಂದು ಮುಳ್ಳಿನ ಮಾಪಕವೂ ನಿರ್ದೋಷಿಯಲ್ಲ. ಪೆಟ್ಟು ಬಿದ್ದರೆ, ತುಕ್ಕು ಹಿಡಿದರೆ ಅದರ ಮುಳ್ಳು ನಡುವೆಯೇ ಸಿಕ್ಕಿಕೊಳ್ಳಬಹುದು.

ಹಾಗಾದರೆ ಮಾಪಕವನ್ನು ಪರೀಕ್ಷಿಸುವುದು ಹೇಗೆ? ಪ್ರಯೋಗಶಾಲೆಯಲ್ಲಿ ಒತ್ತಡದ ಮೂಲಾರ್ಥಕ್ಕೇ ಹಿಂದಿರುಗುತ್ತಾರೆ. ಒಂದು ಚದರ ಸೆಂಟಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಡ್ಡಕೊಯ್ತವಿರುವ ಕೊಂತದ ಮೇಲೆ 20 ಕಿಲೋಗ್ರಾಂ ತೂಕವನ್ನಿಟ್ಟರೆ ಅದರ ಕೆಳಗಿನ ಎಣ್ಣೆಯಲ್ಲಿ ಸುಮಾರು 196 ಬಾರ್ ಒತ್ತಡ ಉಂಟಾಗುತ್ತದೆ. ಮಾಪಕ ಎಷ್ಟು ತೋರಿಸುತ್ತದೆಂದು ಅದರೊಡನೆ ಹೋಲಿಸಿದರಾಯಿತು. ಮುಳುಗುಗಾರನೂ ಸರಳವಾದ ಕೆಲವು ಪರೀಕ್ಷೆಗಳನ್ನು ಮಾಡಬಹುದು: ಕವಾಟ ಮುಚ್ಚಿ ಕೊಳವೆಯ ಗಾಳಿಯನ್ನೆಲ್ಲ ಬಿಟ್ಟಮೇಲೆ ಮಾಪಕ ಸೊನ್ನೆಗೆ ಬರುತ್ತದೆಯೇ ಎಂದು ನೋಡುವುದು, ಒಂದೇ ಸಿಲಿಂಡರಿಗೆ ಎರಡು ಮಾಪಕಗಳನ್ನು ಜೋಡಿಸಿ ಹೋಲಿಸುವುದು, ಸಿಲಿಂಡರ್ ತಣ್ಣಗಾದ ಮೇಲಿನ ಅಂಕೆಯನ್ನೇ ಆರಂಭದ ಅಂಕೆಯೆಂದು ಹಿಡಿಯುವುದು. 50 ಬಾರ್ ಉಳಿದಿರುವಾಗಲೇ ನೀರಿನಿಂದ ಮೇಲಕ್ಕೆ ಬಂದಿರಬೇಕೆಂಬ ಪದ್ಧತಿ ಏಕೆ ಬೆಳೆದು ಬಂದಿದೆಯೆಂಬುದು ಈಗ ವಾಚಕರಿಗೆ ಹೊಳೆದಿರಬಹುದು.

ಪ್ರಯೋಗಶಾಲೆಯಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿಯೂ ದೋಷದ ಮಿತಿಯನ್ನು ಬರೆಯಿರೆಂದು ನಾವು ಹೇಳಿದಾಗ ಹಲವು ವಿದ್ಯಾರ್ಥಿಗಳು ಅದನ್ನು ಅಂಕಗಳಿಗಾಗಿ ಮಾಡುವ ಕೆಲಸವೆಂದು ಭಾವಿಸುತ್ತಾರೆ. 20 ಮೀಟರ್ ನೀರಿನ ಕೆಳಗೆ ಆ ಪುಟ್ಟ ಸಂಖ್ಯೆಯ ಬೆಲೆ ಎರಡು ನಿಮಿಷದ ಉಸಿರು.