ಶತ್ರುಜನರ ಮನೋಬಲದ ಪರೀಕ್ಷೆ

ಶತ್ರುವಿನ ಸೈನ್ಯವನ್ನು ಎಣಿಸಬಹುದು, ಕೋಶವನ್ನು ಊಹಿಸಬಹುದು. ಆತನ ಪ್ರಜೆಗಳ ಮತ್ತು ಯೋಧರ ಮನಸ್ಸನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ನಮ್ಮ ನೀತಿಶಾಸ್ತ್ರಕ್ಕೆ ಹೊಸದಲ್ಲ.

1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಪರರಾಜ್ಯದ ಜನರನ್ನು ಒಂದೇ ರಾಶಿಯಾಗಿ ಕಾಣುವುದಿಲ್ಲ. ಭೇದಕ್ಕೆ ಒಳಗಾಗತಕ್ಕವರನ್ನು ಅದು ಕ್ರುದ್ಧ, ಲುಬ್ಧ, ಭೀತ, ಮಾನಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಕಾರಣಗಳನ್ನು ಎಣಿಸುತ್ತದೆ. ಕ್ಷೀಣಿಸಿದ ಪ್ರಜೆಗಳಲ್ಲಿ ಲೋಭವೂ, ಲೋಭದಿಂದ ವಿರಾಗವೂ ಹುಟ್ಟುವುದೆಂದೂ, ವಿರಕ್ತರಾದವರು ಶತ್ರುವನ್ನು ಸೇರುವರು ಇಲ್ಲವೆ ಒಡೆಯನನ್ನೇ ಕೊಲ್ಲುವರೆಂದೂ ಅದರ ಮತ. ಚಾರರ ವಾರ್ತೆಯನ್ನು ನಂಬಬೇಕಾದರೆ ಮೂವರ ಮಾತು ಒಂದಾಗಬೇಕೆಂಬುದು ಅದರ ಇನ್ನೊಂದು ನಿಯಮ.

ಎರಡನೆಯ ಮಹಾಯುದ್ಧದಲ್ಲಿ ಇದೇ ಕಾರ್ಯವನ್ನು ಅಮೆರಿಕದವರು ಜಪಾನಿನ ವಿಷಯದಲ್ಲಿ ಕೈಗೊಂಡರು. ಮನೋವೈದ್ಯ ಅಲೆಗ್ಸಾಂಡರ್ ಲೈಟನ್ನರ ನೇತೃತ್ವದ ವಿದ್ವನ್ಮಂಡಲಿಯೊಂದು ಸೆರೆಯಾಳುಗಳ ಹೇಳಿಕೆಗಳನ್ನೂ, ಕೈವಶವಾದ ದಿನಚರಿಗಳನ್ನೂ, ವೃತ್ತಪತ್ರಿಕೆ ಮತ್ತು ರೇಡಿಯೋ ವಾರ್ತೆಗಳನ್ನೂ ಪರಸ್ಪರ ತಾಳೆನೋಡಿತು. ಜಪಾನೀಯರೆಲ್ಲರೂ ಕಡೆಯ ಉಸಿರಿನವರೆಗೂ ಏಕಮನಸ್ಕರೆಂಬ ನಂಬಿಕೆ ಆಗ ಪ್ರಬಲವಾಗಿದ್ದಿತು. ಮಂಡಲಿಯು ಕಂಡುದು ಬೇರೆ: ಚಕ್ರವರ್ತಿಯಲ್ಲಿಟ್ಟ ಶ್ರದ್ಧೆ ಅಚಲವಾಗಿದ್ದಿತು, ಆದರೆ ಜಯದ ಭರವಸೆಯೂ ಆಯುಧಗಳಲ್ಲಿದ್ದ ವಿಶ್ವಾಸವೂ ಕುಗ್ಗುತ್ತಿದ್ದುವು.

ಯುದ್ಧಾನಂತರ ಅಮೆರಿಕದ ಬಾಂಬುದಾಳಿ ಸಮೀಕ್ಷೆಯು ಮೂರು ಸಾವಿರಕ್ಕೂ ಮಿಕ್ಕ ಜಪಾನೀ ನಾಗರಿಕರನ್ನು ಪ್ರಶ್ನಿಸಿತು. ಗೆಲುವು ಸಾಧ್ಯವಿಲ್ಲವೆಂದು ಭಾವಿಸಿದವರು 1944ರ ಡಿಸೆಂಬರಿನಲ್ಲಿ ನೂರಕ್ಕೆ 10. 1945ರ ಜೂನಿನಲ್ಲಿ 46. ಶರಣಾಗತಿಯ ಮುನ್ನ 68. ಹೀಗಿದ್ದರೂ ಪ್ರಜೆಗಳು ಕೊನೆಯವರೆಗೂ ಆಜ್ಞೆಯನ್ನು ಮೀರಲಿಲ್ಲ. ವಿಧೇಯತೆಯ ಸಂಪ್ರದಾಯವೂ ಪೊಲೀಸರ ಕಾವಲೂ ಅವರನ್ನು ಹಿಡಿದಿದ್ದುವು.

ಇಲ್ಲಿ ಶಾಸ್ತ್ರಕ್ಕೆ ಒಂದು ಪೂರಕವಾಕ್ಯ ಬೇಕಾಗುತ್ತದೆ. ಕ್ಷಯದಿಂದ ವಿರಾಗದವರೆಗೆ ಕೌಟಿಲ್ಯನು ತೋರಿದ ದಾರಿ ಜಪಾನಿನಲ್ಲಿಯೂ ಬಹುಮಟ್ಟಿಗೆ ಕಾಣುತ್ತದೆ. ವಿರಾಗದಿಂದ ದ್ರೋಹಕ್ಕೆ ಹೋಗುವ ಮೆಟ್ಟಿಲು ಮಾತ್ರ ಅಲ್ಲಿ ಇರಲಿಲ್ಲ. ಆದುದರಿಂದ ಜಯವಿಶ್ವಾಸ, ರಾಜಭಕ್ತಿ, ವಿಧೇಯತೆ ಇವು ಮೂರನ್ನೂ ಬೇರೆಬೇರೆಯಾಗಿ ತೂಗತಕ್ಕದ್ದು. ಪ್ರಜೆಗಳು ಸುಮ್ಮನಿರುವುದನ್ನು ಕಂಡು ಅವರಲ್ಲಿ ಧೈರ್ಯವಿದೆಯೆಂದು ಬಗೆಯುವವನೂ, ಅವರು ನಿರಾಶರಾದುದನ್ನು ಕೇಳಿ ನಾಳೆಯೇ ದಂಗೆಯೇಳುವರೆಂದು ಎಣಿಸುವವನೂ ಸಮಾನವಾಗಿ ಮೋಸಹೋಗುವರು. ಆ ಮೋಸದ ಬೆಲೆಯನ್ನು ತೆರುವವರು ಎರಡು ಕಡೆಯ ಜನಗಳು.