ನಡೆಗೊಡದ ಉಡುಪು: 1900ರಿಂದ 1914ರವರೆಗಿನ ಪಾಶ್ಚಾತ್ಯ ಸ್ತ್ರೀವೇಷ

ಉಡುಪಿನ ಚರಿತ್ರೆಯನ್ನು ವಿದ್ವತ್ತಿಗೆ ಯೋಗ್ಯವಾದ ವಿಷಯವೆಂದು ಎಲ್ಲರೂ ಒಪ್ಪುವುದಿಲ್ಲ. ಯುದ್ಧಗಳು, ಒಪ್ಪಂದಗಳು, ಕಂದಾಯದ ವ್ಯವಸ್ಥೆ ಇವುಗಳ ಮುಂದೆ ಲಂಗದ ಅಗಲವೂ ಟೋಪಿಯ ಗಾತ್ರವೂ ಕ್ಷುಲ್ಲಕವೆಂದು ತೋರುವುದು ಸಹಜವೇ. ಆದರೆ ಒಂದು ಸಮಾಜದ ಅರ್ಧದಷ್ಟು ಜನ ಎದ್ದಾಗಿನಿಂದ ಮಲಗುವವರೆಗೆ ಯಾವುದರೊಳಗೆ ನಿಂತರೋ, ಕುಳಿತರೋ, ಉಸಿರಾಡಿದರೋ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ಚರಿತ್ರಕಾರನಿಗೆ ಉಚಿತವಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಹದಿನಾಲ್ಕು ವರ್ಷಗಳಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಮಹಿಳೆಯರು ತೊಟ್ಟ ಉಡುಪಿನ ಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಗುತ್ತಾರೆ. ಎದೆ ಮುಂದಕ್ಕೂ ಸೊಂಟ ಹಿಂದಕ್ಕೂ ಚಾಚಿದ ದೇಹ, ಕಾಲುಗಳನ್ನು ಒಟ್ಟಿಗೆ ಸುತ್ತಿದಂತಿರುವ ಲಂಗ, ತಲೆಗಿಂತ ಮೂರು ಪಟ್ಟು ಅಗಲವಾದ ಟೋಪಿ: ಇವು ಅಂದವನ್ನು ಹೆಚ್ಚಿಸುವುದಕ್ಕೆ ಬದಲಾಗಿ ಕೆಡಿಸುತ್ತವೆಂಬುದು ಇಂದಿನವರ ತೀರ್ಪು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು? ಈ ಉಡುಪುಗಳು ಹೇಗೆ ಹುಟ್ಟಿದವು, ದೇಹಕ್ಕೆ ಏನು ಮಾಡಿದವು, ಏಕೆ ಉಳಿದವು? ಇವನ್ನು ಮೂರು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಹೇಳುವುದು ಮುಖ್ಯವಾಗಿ ಅನುಕೂಲಸ್ಥ ಹಾಗೂ ಮಧ್ಯಮವರ್ಗದ ಮಹಿಳೆಯರನ್ನು ಕುರಿತದ್ದು. ಆದರೂ ಕಾಗದದ ಮಾದರಿಗಳು, ಪತ್ರಿಕೆಗಳು, ದೊಡ್ಡ ಬಟ್ಟೆಯಂಗಡಿಗಳು ಇವುಗಳ ಮೂಲಕ ಪ್ಯಾರಿಸಿನ ಹೊಸ ರೂಪ ಕೆಲವೇ ತಿಂಗಳುಗಳಲ್ಲಿ ಅಗ್ಗದ ಬಟ್ಟೆಯಲ್ಲಿಯೂ ಇಳಿದು ಬರುತ್ತಿದ್ದಿತೆಂಬುದನ್ನು ಮರೆಯತಕ್ಕದ್ದಲ್ಲ.

1. ನೆಟ್ಟನೆಯ ಕಾರ್ಸೆಟ್ಟು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕಾರ್ಸೆಟ್ಟು ನಡುವನ್ನು ಸುತ್ತಲಿನಿಂದಲೂ ಒತ್ತಿ, ಮರಳುಗಡಿಯಾರದ ಆಕಾರವನ್ನು ಕೊಡುತ್ತಿತ್ತು. ಅದರ ಮುಂಭಾಗದ ಉಕ್ಕಿನ ಪಟ್ಟಿ ಹೊಟ್ಟೆಯ ಮೇಲ್ಭಾಗದಲ್ಲಿ ಒಳಕ್ಕೆ ಬಾಗಿದ್ದುದರಿಂದ ಜಠರವೂ ಕರುಳೂ ಕೆಳಕ್ಕೆ ತಳ್ಳಲ್ಪಡುತ್ತಿದ್ದವು. ಇದನ್ನು ವೈದ್ಯರು ಬಹುಕಾಲದಿಂದ ಖಂಡಿಸುತ್ತಿದ್ದರು. 1900ರ ಸುಮಾರಿಗೆ ಪ್ಯಾರಿಸಿನಲ್ಲಿ ವೈದ್ಯಶಿಕ್ಷಣ ಪಡೆದಿದ್ದ ಇನೆಸ್ ಗಾಷ್-ಸಾರೋತ್ ಎಂಬ ಮಹಿಳೆ ಬೇರೊಂದು ಕಾರ್ಸೆಟ್ಟನ್ನು ರೂಪಿಸಿದಳು. ಇದರ ಮುಂಭಾಗ ನೆಟ್ಟಗಿತ್ತು. ಎದೆಯನ್ನೂ ಜಠರವನ್ನೂ ಒತ್ತದೆ, ಕೆಳಹೊಟ್ಟೆಗೆ ಆಧಾರ ಕೊಡುವುದು ಅದರ ಗುರಿ. ತತ್ತ್ವದ ದೃಷ್ಟಿಯಿಂದ ಇದು ಸುಧಾರಣೆಯೇ ಸರಿ.

ಆದರೆ ತಯಾರಕರಾಗಲಿ ತೊಡುವವರಾಗಲಿ ಸಣ್ಣ ನಡುವಿನ ಆಸೆಯನ್ನು ಬಿಡಲಿಲ್ಲ. ನೆಟ್ಟನೆಯ ಪಟ್ಟಿಯುಳ್ಳ ಕಾರ್ಸೆಟ್ಟನ್ನು ಹಿಂದಿನಷ್ಟೇ ಬಿಗಿಯಾಗಿ ಎಳೆದು ಕಟ್ಟಿದಾಗ ಆದುದೇನು? ಹೊಟ್ಟೆ ಹಿಂದಕ್ಕೆ ಒತ್ತಲ್ಪಟ್ಟಿತು. ಅದರೊಡನೆ ಕಟಿಭಾಗ ಹಿಂದಕ್ಕೆ ಸರಿಯಿತು. ಸಮತೋಲನ ಕಾಯ್ದುಕೊಳ್ಳಲು ದೇಹದ ಮೇಲ್ಭಾಗ ಮುಂದಕ್ಕೆ ಬಾಗಿತು. ಬೆನ್ನುಮೂಳೆಯ ಕೆಳಭಾಗದ ಸಹಜವಾದ ಬಾಗು ಅತಿಯಾಯಿತು. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ‘ಎಸ್’ ಅಕ್ಷರದ ಆಕಾರ. ಮೇಲಿನ ಅಂಚು ತಗ್ಗಾದುದರಿಂದ ಎದೆಗೆ ಆಧಾರ ತಪ್ಪಿ, ಅದು ಒಂದೇ ಮುದ್ದೆಯಂತೆ ಕಾಣಿಸತೊಡಗಿತು. ಅದರ ಮೇಲೆ ಜಾಲರಿಯ ನೆರಿಗೆಗಳುಳ್ಳ ಕುಪ್ಪಸ ನಡುಪಟ್ಟಿಯ ಮೇಲಕ್ಕೆ ಜೋಲುತ್ತಿತ್ತು. ಎದೆಯುಬ್ಬಿಸಿದ ಪಾರಿವಾಳಕ್ಕೆ ಇದನ್ನು ಅಂದಿನವರೇ ಹೋಲಿಸಿದರು.

ಚಾರ್ಲ್ಸ್ ಡೇನಾ ಗಿಬ್ಸನ್ ಎಂಬ ಅಮೆರಿಕನ್ ಚಿತ್ರಕಾರ 1890ರ ದಶಕದಿಂದ ಪತ್ರಿಕೆಗಳಿಗಾಗಿ ಬರೆದ ತರುಣಿಯರ ರೇಖಾಚಿತ್ರಗಳು ಈ ಕಾಲದ ಸೌಂದರ್ಯದ ಆದರ್ಶವಾಗಿದ್ದುವು. ಚಿತ್ರದ ತರುಣಿಗೆ ಪಕ್ಕೆಲುಬುಗಳಿಲ್ಲ. ಆಕೆ ಮೆಟ್ಟಿಲು ಹತ್ತಬೇಕಾಗಿಲ್ಲ. ಆಕೆಯನ್ನು ಅನುಕರಿಸಿದವರಿಗೆ ಇವೆರಡೂ ಇದ್ದುವು. ರೋಗಕ್ಕೆಂದು ಕೊಟ್ಟ ಮದ್ದೇ ಹೊಸ ರೋಗವಾದುದಕ್ಕೆ ಕಾರಣ ಮದ್ದಿನ ದೋಷವಲ್ಲ, ಬೇಡಿಕೆ ಬದಲಾಗದೆ ಉಳಿದುದು ಎಂಬುದನ್ನು ಇಲ್ಲಿ ಗಮನಿಸಬೇಕು.

2. ಹಾಬಲ್ ಲಂಗ

ಕಾರ್ಸೆಟ್ಟಿನ ಈ ರೂಪವನ್ನು ಅಳಿಸಿದ ಕೀರ್ತಿಯ ದೊಡ್ಡ ಭಾಗ ಪಾಲ್ ಪ್ವಾರೆ ಎಂಬ ಪ್ಯಾರಿಸಿನ ಉಡುಪುಗಾರನಿಗೆ ಸಲ್ಲುತ್ತದೆ. 1903ರಲ್ಲಿ ಸ್ವಂತ ಅಂಗಡಿ ತೆರೆದ ಈತ, ಕೆಲವೇ ವರ್ಷಗಳಲ್ಲಿ, ಎದೆಯ ಕೆಳಗಿನಿಂದ ನೇರವಾಗಿ ಇಳಿಯುವ ಉಡುಪುಗಳನ್ನು ಪ್ರಚಾರಕ್ಕೆ ತಂದ. 1908ರಲ್ಲಿ ಪಾಲ್ ಇರೀಬ್ ಎಂಬ ಕಲಾವಿದನಿಂದ ಚಿತ್ರ ಬರೆಸಿ ಅವುಗಳ ಸಂಪುಟವನ್ನೂ ಹೊರಡಿಸಿದ. ನಡುವಿನ ಕಟ್ಟು ಸಡಿಲವಾಯಿತು. ಆದರೆ ಲಂಗದ ಕೆಳ ಅಂಚು ವರ್ಷದಿಂದ ವರ್ಷಕ್ಕೆ ಕಿರಿದಾಯಿತು. 1930ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಪ್ವಾರೆ, ತಾನು ಎದೆಯನ್ನು ಬಿಡಿಸಿ ಕಾಲುಗಳಿಗೆ ಸಂಕೋಲೆ ತೊಡಿಸಿದೆನೆಂಬ ಭಾವವನ್ನು ತಾನೇ ವ್ಯಕ್ತಪಡಿಸಿದ್ದಾನೆ. ಎದೆಯ ಬಿಡುಗಡೆಯೂ ಪೂರ್ಣವಾದುದಲ್ಲ. ನೇರವಾದ ಮೈಗೆರೆಯನ್ನು ಬಯಸಿದ ಸಾಮಾನ್ಯ ಮಹಿಳೆಯರಿಗಾಗಿ ಕಾರ್ಸೆಟ್ಟು ಕೆಳಕ್ಕೆ ಬೆಳೆದು ತೊಡೆಗಳವರೆಗೂ ಇಳಿಯಿತು.

ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಅದರ ಕಾಲುಗಳಿಗೆ ಹಾಕುವ ಕಟ್ಟಿಗೆ ಇಂಗ್ಲಿಷಿನಲ್ಲಿ ‘ಹಾಬಲ್’ ಎಂದು ಹೆಸರು. 1910ರ ಸುಮಾರಿಗೆ ಪ್ರಚಾರದ ತುದಿಗೇರಿದ ಕಿರಿಯಂಚಿನ ಲಂಗಕ್ಕೆ ಈ ಹೆಸರು ಬಂದಿತು. ಇದರ ಹುಟ್ಟಿನ ಬಗೆಗೆ ಒಂದು ಕಥೆಯುಂಟು. 1908ರಲ್ಲಿ ಫ್ರಾನ್ಸಿನ ಲ ಮಾನ್ ಬಳಿ ವಿಲ್ಬರ್ ರೈಟನೊಡನೆ ವಿಮಾನವೇರಿದ ಅಮೆರಿಕನ್ ಮಹಿಳೆಯೊಬ್ಬಳು, ಗಾಳಿಗೆ ಲಂಗ ಹಾರದಂತೆ ಅದನ್ನು ಕಾಲಿನ ಬಳಿ ಹಗ್ಗದಿಂದ ಕಟ್ಟಿಕೊಂಡಿದ್ದಳು. ಇಳಿದು ನಡೆದಾಗ ಆಕೆಯ ನಡಿಗೆಯನ್ನು ಕಂಡು ಉಡುಪುಗಾರನೊಬ್ಬನಿಗೆ ಈ ಲಂಗ ಹೊಳೆಯಿತಂತೆ. ಹಗ್ಗ ಕಟ್ಟಿದ್ದು ನಿಜ. ಆದರೆ ಲಂಗದ ಅಂಚು ಅದಾಗಲೇ ಕಿರಿದಾಗುತ್ತ ಬಂದಿದ್ದುದರಿಂದ, ಇಡೀ ರೂಢಿಗೆ ಒಂದು ಘಟನೆಯನ್ನೇ ಕಾರಣವೆಂದು ಹೇಳುವುದು ಸಾಧುವಲ್ಲ.

ಈ ಲಂಗ ನಡಿಗೆಯನ್ನು ಹೇಗೆ ತಡೆಯಿತೆಂಬುದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಅಂಚಿನ ಸುತ್ತಳತೆ ಒಂದು ಗಜ, ಅಂದರೆ 36 ಅಂಗುಲ ಎಂದು ಇಟ್ಟುಕೊಳ್ಳೋಣ. ಇದಕ್ಕಿಂತಲೂ ಕಿರಿದಾದವು ಇದ್ದುವು. ಒಂದು ಕಾಲನ್ನು ಮುಂದಿಟ್ಟು ಬಟ್ಟೆಯನ್ನು ಪೂರ್ಣವಾಗಿ ಎಳೆದರೆ ಆ ಸುತ್ತು ಚಪ್ಪಟೆಯಾಗಿ ಹಿಂದುಮುಂದಿನ ಅಂತರ ಹೆಚ್ಚೆಂದರೆ 18 ಅಂಗುಲವಾಗುತ್ತದೆ. ಕಣಕಾಲುಗಳ ದಪ್ಪಕ್ಕೆ 4 ಅಂಗುಲ ಕಳೆದರೆ ಹೆಜ್ಜೆಗೆ ಉಳಿಯುವುದು 14 ಅಂಗುಲ. ವಯಸ್ಕಳ ಸಾಧಾರಣ ಹೆಜ್ಜೆ ಎರಡು ಅಡಿಗೆ ಕಡಿಮೆಯಿರುವುದಿಲ್ಲ. ಮೆಟ್ಟಿಲಿನ ವಿಷಯ ಇನ್ನೂ ಕಠಿನ. ಪಾದವನ್ನು 10 ಅಂಗುಲ ಮುಂದಕ್ಕೂ 14 ಅಂಗುಲ ಮೇಲಕ್ಕೂ ಇಟ್ಟರೆ ಎರಡು ಕಣಕಾಲುಗಳ ಅಂತರ 17 ಅಂಗುಲವನ್ನು ಮೀರುತ್ತದೆ. ಆದ್ದರಿಂದ ಟ್ರಾಮು ಬಂಡಿಯನ್ನೇರಬೇಕಾದರೆ ಲಂಗವನ್ನು ಮೊಣಕಾಲಿನತ್ತ ಎತ್ತಬೇಕು. ಅದಕ್ಕೆ ಅಂದಿನ ಮರ್ಯಾದೆ ಅವಕಾಶ ಕೊಡದು. ಸೀರೆಯುಟ್ಟವರಿಗೆ ಈ ತೊಡಕು ಬಾರದಿರುವುದಕ್ಕೆ ಕಾರಣ ನೆರಿಗೆ: ಹೆಜ್ಜೆಯಿಟ್ಟಂತೆ ಅದು ಬಿಚ್ಚಿಕೊಂಡು ಬಟ್ಟೆಯನ್ನು ಒದಗಿಸುತ್ತದೆ. ಹಾಬಲ್ ಲಂಗದಲ್ಲಿ ಹಾಗೆ ಒದಗಿಸಲು ಬಟ್ಟೆಯೇ ಇರಲಿಲ್ಲ. ಮರೆತು ದೊಡ್ಡ ಹೆಜ್ಜೆಯಿಟ್ಟರೆ ಹೊಲಿಗೆ ಬಿಡುವುದೆಂದು ಕೆಲವರು ಮೊಣಕಾಲಿನ ಕೆಳಗೆ ಎರಡು ಕಾಲುಗಳನ್ನೂ ಪಟ್ಟಿಯಿಂದ ಕಟ್ಟಿಕೊಳ್ಳುತ್ತಿದ್ದರು.

ಪರಿಣಾಮ ಕೇವಲ ಹಾಸ್ಯಾಸ್ಪದವಾಗಿರಲಿಲ್ಲ. 1910ರಲ್ಲಿ ಪ್ಯಾರಿಸಿನ ಸಮೀಪದ ಷಾಂತಿಯಿ ಕುದುರೆಪಂದ್ಯದ ಬಯಲಿನಲ್ಲಿ, ತಪ್ಪಿಸಿಕೊಂಡು ಬಂದ ಕುದುರೆಯ ದಾರಿಯಿಂದ ಓಡಲಾರದೆ ಮಹಿಳೆಯೊಬ್ಬಳು ಪ್ರಾಣ ಕಳೆದುಕೊಂಡಳು. 1911ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಈರೀ ಕಾಲುವೆಯ ಸೇತುವೆಯಿಂದ ಎಡವಿ ಬಿದ್ದ ಇನ್ನೊಬ್ಬಳು ಮುಳುಗಿ ಸತ್ತಳು. 1912ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನೆಲಮಟ್ಟಕ್ಕೆ ಹತ್ತಿರವಾದ ಪ್ರವೇಶದ ಟ್ರಾಮು ಬಂಡಿಗಳು ಓಡತೊಡಗಿದಾಗ ಜನರು ಅವನ್ನು ‘ಹಾಬಲ್ ಲಂಗದ ಬಂಡಿ’ ಎಂದೇ ಕರೆದರು. ಉಡುಪು ಬದಲಾಗುವುದಕ್ಕೆ ಮೊದಲು ಬಂಡಿ ಬದಲಾಯಿತು! ತಗ್ಗಾದ ಮೆಟ್ಟಿಲಿನಿಂದ ವೃದ್ಧರಿಗೂ ಮಕ್ಕಳಿಗೂ ಅನುಕೂಲವೇ ಆಯಿತೆಂಬುದು ಬೇರೆಯ ಮಾತು.

ಇದೇ ಕಾಲದಲ್ಲಿ, 1911ರಲ್ಲಿ, ಕಾಲುಗಳಿಗೆ ಬಿಡುವು ಕೊಡುವ ಷರಾಯಿಯ ರೂಪದ ಲಂಗವೂ ಪ್ಯಾರಿಸಿನಲ್ಲಿ ಕಾಣಿಸಿಕೊಂಡಿತು. ಅದನ್ನು ತೊಟ್ಟು ಸಾರ್ವಜನಿಕ ಸ್ಥಳಗಳಿಗೆ ಬಂದವರನ್ನು ಜನರು ಮುತ್ತಿ ಗೇಲಿ ಮಾಡಿದರು. ಕಟ್ಟುವ ಲಂಗಕ್ಕೂ ನಗೆ, ಬಿಡಿಸುವ ಲಂಗಕ್ಕೂ ನಗೆ.

3. ಟೋಪಿ, ಸೂಜಿ, ಗರಿ

1907ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ಲೆಹಾರನ ‘ಮೆರಿ ವಿಡೊ’ ಎಂಬ ಸಂಗೀತನಾಟಕ ಪ್ರದರ್ಶಿತವಾಯಿತು. ನಾಯಿಕೆ ಲಿಲಿ ಎಲ್ಸಿಗಾಗಿ ಲೂಸೀಲ್ ಎಂಬ ಉಡುಪುಗಾರ್ತಿ ರೂಪಿಸಿದ ಅಗಲವಾದ ಟೋಪಿ ನಾಟಕದ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂತಹ ಟೋಪಿ ತಲೆಯ ಮೇಲೆ ತಾನಾಗಿ ನಿಲ್ಲದು. ಒಳಗೆ ಮೆತ್ತೆಗಳನ್ನಿಟ್ಟು ಕೂದಲನ್ನು ಉಬ್ಬಿಸಿ, ಅದಕ್ಕೆ ಟೋಪಿಯನ್ನು ಉದ್ದವಾದ ಸೂಜಿಗಳಿಂದ ಚುಚ್ಚಿ ನಿಲ್ಲಿಸಬೇಕಾಗಿತ್ತು. ಹೊರಕ್ಕೆ ಚಾಚಿದ ಸೂಜಿಯ ಮೊನೆ ಟ್ರಾಮಿನಲ್ಲಿ ಪಕ್ಕದವರ ಕೆನ್ನೆಗೂ ಕಣ್ಣಿಗೂ ಅಪಾಯ. 1910ರಲ್ಲಿ ಷಿಕಾಗೊ ನಗರಸಭೆ ಇವನ್ನು ನಿರ್ಬಂಧಿಸಿ ದಂಡವನ್ನು ಗೊತ್ತುಮಾಡಿತು. ಆದರೆ ಒಂಟಿಯಾಗಿ ಓಡಾಡುವ ಮಹಿಳೆಯರಿಗೆ ಬೀದಿಯ ಪುಂಡರನ್ನು ತಡೆಯಲು ಇದ್ದ ಒಂದೇ ಆಯುಧ ಆ ಸೂಜಿ. ಮೊದಲು ಬೀದಿಗಳನ್ನು ಸುರಕ್ಷಿತವಾಗಿಸಿ, ಅನಂತರ ಸೂಜಿಯನ್ನು ಕೇಳಿರೆಂಬ ವಾದ ಆ ಚರ್ಚೆಯಲ್ಲಿ ಮಹಿಳೆಯರ ಕಡೆಯಿಂದ ಬಂದಿತು. ಈ ವಾದ ಇಂದಿಗೂ ಹಳತಾಗಿಲ್ಲ.

ಟೋಪಿಯ ಮೇಲಿನ ಗರಿಗಳ ಕಥೆ ಇನ್ನೂ ಘೋರ. ಬೆಳ್ಳಕ್ಕಿಯ ನವಿರಾದ ತುರಾಯಿಗರಿಗಳು ಮರಿ ಮಾಡುವ ಋತುವಿನಲ್ಲಿ ಮಾತ್ರ ಬೆಳೆಯುತ್ತವೆ. ಆದ್ದರಿಂದ ಬೇಟೆಗಾರರು ಗೂಡುಗಳ ಬಳಿಯಲ್ಲಿಯೇ ಹಕ್ಕಿಗಳನ್ನು ಕೊಂದರು. ಮರಿಗಳು ಹಸಿವಿನಿಂದ ಸತ್ತವು. 1903ರಲ್ಲಿ ಅಮೆರಿಕದಲ್ಲಿ ಒಂದು ಔನ್ಸ್ ಗರಿಗೆ 32 ಡಾಲರು ಸಿಗುತ್ತಿತ್ತು. ಅದೇ ತೂಕದ ಚಿನ್ನಕ್ಕೆ ಇದ್ದುದು 21 ಡಾಲರಿಗೂ ಕಡಿಮೆ. ಭಾರತವೂ ಈ ವ್ಯಾಪಾರಕ್ಕೆ ಹೊರತಾಗಿರಲಿಲ್ಲ. ಕಾಡುಹಕ್ಕಿಗಳ ಗರಿ ಮತ್ತು ಚರ್ಮಗಳ ರಫ್ತನ್ನು 1902ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಆಮದನ್ನು ಅಮೆರಿಕ ನಿಲ್ಲಿಸಿದ್ದು 1913ರಲ್ಲಿ, ಬ್ರಿಟನ್ 1921ರಲ್ಲಿ. ಕೊಳ್ಳುವವನಿಗಿಂತ ಮೊದಲು ಮಾರುವ ಕಡೆ ಬಾಗಿಲು ಮುಚ್ಚಿದ ಅಪರೂಪದ ಉದಾಹರಣೆಯಿದು. ಗರಿಯ ವಿರುದ್ಧ ಹೋರಾಡಿದವರಲ್ಲಿಯೂ ಮಹಿಳೆಯರೇ ಮುಂದು. ಇಂಗ್ಲೆಂಡಿನಲ್ಲಿ 1889ರಲ್ಲಿಯೂ ಮೆಸಾಚುಸೆಟ್ಸಿನಲ್ಲಿ 1896ರಲ್ಲಿಯೂ ಪಕ್ಷಿರಕ್ಷಣೆಯ ಸಂಘಗಳನ್ನು ಕಟ್ಟಲು ಮೊದಲಾದವರು ಅವರು.

4. ಕಾರಣವಿಚಾರ

ಇಂತಹ ಉಡುಪನ್ನು ತೊಟ್ಟವರು ಅವಿವೇಕಿಗಳೆಂದು ಹೇಳಿ ಮುಗಿಸುವುದು ಸುಲಭ. 1899ರಲ್ಲಿ ಥಾರ್ಸ್ಟೈನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞ ಬೇರೊಂದು ಉತ್ತರ ಕೊಟ್ಟಿದ್ದ: ದುಡಿಯಲು ಆಗದಂತೆ ಮಾಡುವ ಉಡುಪು, ತೊಟ್ಟವಳು ದುಡಿಯಬೇಕಾಗಿಲ್ಲವೆಂಬುದನ್ನು ಲೋಕಕ್ಕೆ ಸಾರುತ್ತದೆ, ಆ ಮೂಲಕ ಮನೆಯ ಯಜಮಾನನ ಸಂಪತ್ತನ್ನು ಮೆರೆಸುತ್ತದೆ. ಕಾರ್ಸೆಟ್ಟಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಹಾಬಲ್ ಲಂಗಕ್ಕೆ ಅರ್ಧ ಮಾತ್ರ. ಕಡಿಮೆ ಬಟ್ಟೆಯಲ್ಲಿ, ನೇರವಾದ ಹೊಲಿಗೆಯಲ್ಲಿ ಆಗುವ ಈ ಲಂಗವನ್ನು ಅಗ್ಗವಾಗಿ ನಕಲು ಮಾಡಬಹುದಾಗಿತ್ತು. ದುಡಿಯಲು ಹೋಗುವವರೂ ಅದನ್ನು ತೊಟ್ಟರು. ಅವರಿಗೆ ಅದು ಸಿರಿಯ ಪ್ರದರ್ಶನವಾಗಿರಲಿಲ್ಲ. ಕಾಲಕ್ಕೆ ತಕ್ಕವಳೆನಿಸಿಕೊಳ್ಳಲು ತೆತ್ತ ಬೆಲೆಯಾಗಿತ್ತು.

ಆ ಬೆಲೆಯನ್ನು ತೆರದವರ ಗತಿಯನ್ನೂ ನೋಡಬೇಕು. ಲಂಡನ್ನಿನಲ್ಲಿ 1881ರಲ್ಲಿ ಸ್ಥಾಪಿತವಾದ ವಿಚಾರಬದ್ಧ ಉಡುಪಿನ ಸಂಘ, ಒಳಉಡುಪುಗಳ ತೂಕ 7 ಪೌಂಡನ್ನು ಮೀರಕೂಡದೆಂದು ಹೇಳಿತ್ತು. ಏಳು ಪೌಂಡನ್ನು ಮಿತವೆಂದು ಎಣಿಸಬೇಕಾಗಿದ್ದಿತೆಂಬುದೇ ಗಮನಾರ್ಹ. ಜರ್ಮನಿ, ಆಸ್ಟ್ರಿಯಗಳಲ್ಲಿ ಭುಜದಿಂದ ಸಡಿಲವಾಗಿ ಇಳಿಯುವ ಸುಧಾರಿತ ಉಡುಪುಗಳು ಬಂದವು. ಅವನ್ನು ಜನರು ಮೂಟೆಯೆಂದು ಹಾಸ್ಯ ಮಾಡಿದರು. ಇದೇ ವರ್ಷಗಳಲ್ಲಿ ಮತದಾನದ ಹಕ್ಕಿಗಾಗಿ ಚಳವಳಿ ಹೂಡಿದ್ದ ಬ್ರಿಟನ್ನಿನ ಮಹಿಳೆಯರು ತಮ್ಮ ಸದಸ್ಯೆಯರಿಗೆ ಅಚ್ಚುಕಟ್ಟಾಗಿ, ರೂಢಿಗೆ ತಕ್ಕಂತೆ ಉಡುವಂತೆ ಹೇಳಿದುದು ಇದನ್ನು ಬಲ್ಲವರಾದ್ದರಿಂದಲೇ. ಉಡುಪಿನ ವಿಷಯದಲ್ಲಿ ನಗೆಗೀಡಾದವಳ ಮಾತನ್ನು ಸಭೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹೀಗೆ ನೋಡಿದಾಗ, ‘ಅಂದಗೆಡಿಸುವ ಉಡುಪು’ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ಅಂದವೆಂಬುದು ಬಹುಮಟ್ಟಿಗೆ ಕಣ್ಣಿನ ಅಭ್ಯಾಸ. ಇಂದು ನಗೆ ತರಿಸುವ ‘ಎಸ್’ ಆಕಾರ ಅಂದು ಮೆಚ್ಚುಗೆ ಪಡೆಯಿತು. ಇಂದು ಸಹಜವಾಗಿ ಕಾಣುವ ಸಡಿಲ ಉಡುಪು ಅಂದು ಮೂಟೆಯೆನಿಸಿತು. ಆದರೆ ಕಣ್ಣಿನ ಅಭ್ಯಾಸದೊಡನೆ ಬದಲಾಗದ ಅಳತೆಗಳೂ ಇವೆ. ತೊಟ್ಟವಳು ಎಷ್ಟು ದೊಡ್ಡ ಹೆಜ್ಜೆ ಇಡಬಲ್ಲಳು? ಪೂರ್ಣವಾಗಿ ಉಸಿರೆಳೆಯಬಲ್ಲಳೆ? ಅಪಾಯ ಬಂದಾಗ ಓಡಬಲ್ಲಳೆ? ಈ ಉಡುಪಿಗಾಗಿ ಬೇರೆ ಯಾವ ಜೀವ ಬೆಲೆ ತೆತ್ತಿತು? ಹಳೆಯ ಭಾವಚಿತ್ರಗಳನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ವಿದ್ಯಾರ್ಥಿಗಳ ನಗೆ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿದರೆ, ಅದೇ ಚಿತ್ರ ಆರ್ಥಿಕ, ಸಾಮಾಜಿಕ ಚರಿತ್ರೆಯ ಆಧಾರವಾಗುತ್ತದೆ. ತಮ್ಮ ಕಾಲದ ಉಡುಪಿಗೂ ಅದೇ ಪ್ರಶ್ನೆಗಳನ್ನು ಹಾಕಲು ವಿದ್ಯಾರ್ಥಿಗಳಿಗೆ ಹೆಚ್ಚು ಹೊತ್ತು ಹಿಡಿಯದು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಮರುವರ್ಷದ ಹೊತ್ತಿಗೆ ಲಂಗಗಳು ಅಗಲವಾಗಿ, ಕಣಕಾಲಿನಿಂದ ಮೇಲೆದ್ದಿದ್ದುವು. 1915ರಲ್ಲಿ ಗ್ಲಾಸ್ಗೊ ನಗರದ ಟ್ರಾಮುಗಳಲ್ಲಿ ಮಹಿಳೆಯರು ಕಂಡಕ್ಟರುಗಳಾಗಿ ಕೆಲಸಕ್ಕೆ ಸೇರಿದರು. ಮೂರು ವರ್ಷಗಳ ಹಿಂದೆ ಬೇರೊಂದು ನಗರದಲ್ಲಿ ಯಾವ ಬಂಡಿಯನ್ನು ಏರಲಾರರೆಂದು ಮೆಟ್ಟಿಲನ್ನು ತಗ್ಗಿಸಬೇಕಾಗಿತ್ತೋ ಅಂತಹುದೇ ಬಂಡಿಯಲ್ಲಿ ಅವರು ಈಗ ದಿನವಿಡೀ ಹತ್ತಿ ಇಳಿದು ಚೀಟಿ ಹರಿಯುತ್ತಿದ್ದರು.